ಮೇಲೆ ಮಾತ್ರ ಮಾಯ್ದ ಗಾಯ

“ಅಣ್ಣನೊಂದಿಗೆ ರಾಜಿಯಾಗಿ ವರ್ಷ ಕಳೆಯಿತು, ಗುರುಗಳೇ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತೇವೆ. ಆದರೂ ಅವನ ಹೆಜ್ಜೆಯ ಸಪ್ಪಳ ಕೇಳಿದರೆ ನನ್ನ ಮೈಯೆಲ್ಲ ಕಾವೇರುತ್ತದೆ. ಯಾಕೆ ಹೀಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು:

ಒಬ್ಬ ಮದ್ದಳೆಗಾರನಿದ್ದ. ಅವನ ಬಲಹೆಗಲ ಹಿಂದೆ ಒಂದು ಕುರು ಎದ್ದಿತು. ಮೊದಲು ಕಡಲೆಕಾಳಿನಷ್ಟಿತ್ತು. ತಡೆಯಲಾರದೆ ಹಿಸುಕಿದ, ನಿಂಬೆಯಷ್ಟಾಯಿತು. ವೈದ್ಯ ಬಂದು ಬಿಸಿನೀರಿನ ಶಾಖ ಕೊಡಿಸಿದ. ಕುರು ಹಣ್ಣಾದ ಮೇಲೆ ಕತ್ತಿಯ ಮೊನೆಯನ್ನು ಕಾಯಿಸಿ ಕೊಯ್ದ. ಕೀವು ಹರಿಯಿತು, ನೋವು ಇಳಿಯಿತು. ವೈದ್ಯ ಗಾಯಕ್ಕೆ ಹೊಲಿಗೆ ಹಾಕಲಿಲ್ಲ. ಬಟ್ಟೆಯ ಬತ್ತಿ ಹೊಸೆದು ಒಳಗಿಟ್ಟು, “ದಿನವೂ ತೊಳೆದು ಹೊಸ ಬತ್ತಿ ಇಡಮ್ಮ. ಅದರ ಬಾಯಿ ತಾನಾಗಿ ಕೂಡಬೇಕು, ನೀವು ಮುಚ್ಚಬೇಡಿ” ಎಂದು ಅವನ ಹೆಂಡತಿಗೆ ಹೇಳಿ ಹೋದ.

ಅವಳು ಹಾಗೆಯೇ ಮಾಡಿದಳು. ಆದರೆ ಬತ್ತಿ ನಾರುತ್ತಿತ್ತು. ಮೇಳದವರು ದೂರ ಸರಿದು ಕೂರುತ್ತಿದ್ದರು. ಅವನು ಮದ್ದಳೆ ನುಡಿಸಬೇಕಿದ್ದ ಅರಮನೆಯ ಮದುವೆ ಬೇರೆ ಹತ್ತಿರ ಬಂದಿತ್ತು. ನಾಚಿಕೆ ತಾಳದೆ ಮದ್ದಳೆಗಾರ ಬತ್ತಿಯನ್ನು ಕಿತ್ತೆಸೆದು ರಾಳದ ಮುಲಾಮು ಮೆತ್ತಿಕೊಂಡ. ಕೆಲವೇ ದಿನಗಳಲ್ಲಿ ಗಾಯದ ಮೇಲೆ ಚರ್ಮ ಕೂಡಿಕೊಂಡಿತು. ನೋಡಿದವರು, ಗುರುತೇ ಇಲ್ಲವಲ್ಲ ಎಂದರು. ಅವನಿಗೂ ಹಿಗ್ಗು.

ಮದುವೆಯ ಹಿಂದಿನ ಮಧ್ಯಾಹ್ನ ಮದ್ದಳೆಯನ್ನು ಶ್ರುತಿ ಮಾಡುತ್ತ ಕೂತಿದ್ದ. ಕೈ ನಿಲ್ಲಿಸಿದ. ಬಡಿತ ನಿಲ್ಲಲಿಲ್ಲ. ಮದ್ದಳೆಯನ್ನು ಮೂಲೆಗೆ ಸರಿಸಿದ. ಆಗಲೂ ಕೇಳಿಸಿತು, ಮೆಲ್ಲಗೆ, ಬಿಡದೆ. ಹೆಂಡತಿಯನ್ನು ಕರೆದು, “ನಿನಗೂ ಕೇಳಿಸುತ್ತಿದೆಯೇ?” ಎಂದ. ಅವಳು ಮನೆಯೆಲ್ಲ ಆಲಿಸಿದಳು. ಕೊನೆಗೆ ಅವನ ಬೆನ್ನಿಗೆ ಕಿವಿಯಿಟ್ಟವಳು ಸರಕ್ಕನೆ ಹಿಂದೆ ಸರಿದಳು. ಗಾಯವಿದ್ದ ಜಾಗ ಕಾದ ಹಂಚಿನಂತಿತ್ತು.

“ಒಳಗೆ ಯಾರೋ ಕದ ತಟ್ಟುತ್ತಿದ್ದಾರೆ” ಎಂದಳು.

ಸಂಜೆಗೆ ಚಳಿಜ್ವರ ಏರಿತು. ಕಂಕುಳಲ್ಲಿ ಗಂಟು ಕಟ್ಟಿತು. ಕಣ್ಣು ಮುಚ್ಚಿಕೊಂಡೇ ಅವನು ಆ ಬಡಿತಕ್ಕೆ ಬೆರಳಲ್ಲಿ ತಾಳ ಹಾಕತೊಡಗಿದ. ಹೆಂಡತಿ ಅವನ ಕೈ ಹಿಡಿದುಕೊಂಡರೂ ಬೆರಳುಗಳು ನಿಲ್ಲಲಿಲ್ಲ. ವೈದ್ಯ ಓಡಿಬಂದ. ನುಣ್ಣಗಿದ್ದ ಚರ್ಮವನ್ನು ಬೆರಳಿನಿಂದ ಒತ್ತಿದ. ಅದರಡಿ ಏನೋ ತೊಗಲಿನ ತಿತ್ತಿಯೊಳಗಿನ ನೀರಿನಂತೆ ತುಳುಕಿತು. “ಗಾಯ ತಳದಿಂದ ತುಂಬಿಕೊಂಡು ಬರಬೇಕಮ್ಮ, ಮೇಲಿನಿಂದ ಹೊದಿಸಿದರೆ ಮಾಯುವುದಿಲ್ಲ” ಎಂದು ಮತ್ತೆ ಕೊಯ್ದ. ಈ ಸಲ ಬಹಳ ಆಳಕ್ಕೆ ಹೋಗಬೇಕಾಯಿತು. ಜೀವ ಉಳಿಯಿತು. ಬಲಗೈ ಮಾತ್ರ ಮತ್ತೆಂದೂ ಮದ್ದಳೆಯವರೆಗೆ ಏಳಲಿಲ್ಲ.

ಕತೆ ಮುಗಿದಾಗ ಶಿಷ್ಯ ಏನೋ ಹೇಳಲು ಹೊರಟ. ಗುರುಗಳು ಅದಕ್ಕೆ ಮೊದಲೇ ಕೇಳಿದರು:

“ರಾಜಿಯ ದಿನ ನೀವಿಬ್ಬರೂ ಯಾವ ಮಾತನ್ನು ಎತ್ತದೆ ಬಿಟ್ಟಿರಿ?”