ನಲವತ್ತೊಂದನೆಯ ಪ್ಯಾಚ್

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ ಆಸ್ಪತ್ರೆಗಳಿಗೆ ಪಂಪುಗಳನ್ನು ಮಾಡುತ್ತಿತ್ತು. ರೋಗಿಯ ಮೈಗೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಪಂಪುಗಳು ಅವು. ಪಂಪಿನ ಪ್ರೋಗ್ರಾಂ ಎಲ್ಲಿ ತಪ್ಪುತ್ತಿದೆ ಎಂದು ಹುಡುಕಲು ಅಲ್ಲಿನವರು ಡಿಬಗ್ಗರ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದರು. ಅದು ಪ್ರೋಗ್ರಾಮನ್ನು ಬೇಕಾದಲ್ಲಿ ನಿಲ್ಲಿಸಿ, ಆ ಗಳಿಗೆಯಲ್ಲಿ ಒಳಗೆ ಏನಿದೆ ಎಂದು ತೋರಿಸುತ್ತದೆ. ತಮ್ಮ ಪಂಪಿಗೆ ಒಗ್ಗುವಂತೆ ಕಂಪನಿಯವರು ಅದಕ್ಕೆ ನಲವತ್ತೊಂದು ಪ್ಯಾಚ್ ಹಾಕಿಕೊಂಡಿದ್ದರು, ಅಂದರೆ ತಮ್ಮದೇ ಸಣ್ಣಪುಟ್ಟ ತಿದ್ದುಪಡಿಗಳು.

ಡಿಬಗ್ಗರಿನ ಹೊಸ ಆವೃತ್ತಿ ಬಂತು. ಹಳೆಯ ಪ್ಯಾಚುಗಳನ್ನೆಲ್ಲ ಹೊಸದಕ್ಕೆ ಹೊಂದಿಸುವ ಕೆಲಸವನ್ನು ಪ್ರಾಣೇಶನಿಗೆ ಕೊಟ್ಟರು. ಪ್ರಾಣೇಶನಿಗೆ ಬಾರದ ಕೆಲಸವಿಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು. ಅವನೂ ಹಾಗೇ ಅಂದುಕೊಂಡಿದ್ದ.

ನಲವತ್ತು ಪ್ಯಾಚುಗಳು ಕೂತವು. ಒಂದು ಕೂರಲಿಲ್ಲ. ಅದನ್ನು ಬರೆದವರು ಹಿಂದಿನ ವರ್ಷ ನಿವೃತ್ತರಾದ ಮಂದಾಕಿನಿ ಮೇಡಂ. ಪ್ರಾಣೇಶ ನಾಲ್ಕು ದಿನ ಒದ್ದಾಡಿದ. ಆ ಪ್ಯಾಚ್ ಏಕಿದೆ ಎಂಬುದೇ ಅವನಿಗೆ ತಿಳಿಯಲಿಲ್ಲ. ಮೇಡಂಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ‘ನನಗೆ ತಿಳಿಯಲಿಲ್ಲ’ ಎನ್ನಲು ಬಾಯಿ ಬರಲಿಲ್ಲ.

ಅದನ್ನು ಬಿಟ್ಟುಬಿಟ್ಟ. ಆ ಪ್ಯಾಚ್ ಇದೆಯೇ ಎಂದು ತಾನಾಗಿ ನೋಡುವ ಪರೀಕ್ಷೆಯ ಪ್ರೋಗ್ರಾಂ ಒಂದು ತಪ್ಪು ತೋರಿಸಿತು. ಆ ಪರೀಕ್ಷೆಯನ್ನೂ ಅಳಿಸಿದ.

“ಎಲ್ಲಾ ಆತೇನಪಾ?” ಎಂದು ಮುಖ್ಯಸ್ಥರಾದ ಗುಡಗೇರಿ ಸರ್ ಕೇಳಿದರು.

“ಆತ್ರಿ ಸರ್. ನಲವತ್ತೊಂದೂ ಆದೂ.”

ಸರ್ ಎಲ್ಲರೆದುರು ಅವನ ಬೆನ್ನು ತಟ್ಟಿದರು.

ಎರಡು ತಿಂಗಳ ಮೇಲೆ ಒಂದು ಆಸ್ಪತ್ರೆಯಿಂದ ಪಂಪು ವಾಪಸ್ ಬಂತು. ಔಷಧಿ ಹೆಚ್ಚು ಬೀಳುತ್ತಿತ್ತಂತೆ. ನರ್ಸ್ ಒಬ್ಬರು ಬೇಗ ನೋಡಿದ್ದರಿಂದ ರೋಗಿ ಉಳಿದಿದ್ದರು. ದೋಷ ಹುಡುಕುವ ಕೆಲಸ ಶಿವಲೀಲಾ ಎಂಬ ಎಂಜಿನಿಯರಿಗೆ ಬಂತು. ಅವಳು ಪಂಪು ಓಡಿಸಿ, ಬಿದ್ದ ಹನಿಗಳನ್ನು ಗಾಜಿನ ಅಳತೆಪಾತ್ರೆಯಲ್ಲಿ ಹಿಡಿದು ನೋಡಿದಳು. ಹನಿ ಹೆಚ್ಚೇ ಇತ್ತು. ಡಿಬಗ್ಗರ್ ಮಾತ್ರ ಎಲ್ಲ ಸರಿಯಿದೆ ಎಂದು ತೋರಿಸಿತು. ತನ್ನ ಅಳತೆಯೇ ತಪ್ಪೇನೋ ಎಂದು ಮೂರು ವಾರ ಅಳೆದದ್ದನ್ನೇ ಅಳೆದಳು.

ಕೊನೆಗೆ ಮೀಟಿಂಗಿನಲ್ಲಿ ಗುಡಗೇರಿ ಸರ್ ತಾಳ್ಮೆ ಕಳೆದುಕೊಂಡರು. “ಡಿಬಗ್ಗರ್ ಎಲ್ಲಾ ಸರಿ ಐತಿ ಅಂತದ. ಹನಿ ಅಳಿಯಾಕೂ ಬರೂದಿಲ್ಲೇನವಾ ನಿನಗ?”

ಎಲ್ಲರೂ ನಕ್ಕರು. ಪ್ರಾಣೇಶನೂ ನಕ್ಕ.

ಮೀಟಿಂಗ್ ಮುಗಿದ ಮೇಲೆ ಅವಳ ಮೇಜಿನ ಹತ್ತಿರ ಹಾಯುವಾಗ ಅವನ ಕಣ್ಣು ಪರದೆಯ ಮೇಲೆ ಬಿತ್ತು. ಪಂಪು ನಿಲ್ಲಿಸಿದಾಗಲೆಲ್ಲ ಡಿಬಗ್ಗರ್ ಹೊಸ ಲೆಕ್ಕದ ಬದಲು ಹಿಂದಿನ ಸಲದ್ದನ್ನೇ ತೋರಿಸುತ್ತಿತ್ತು. ತಾನು ಬಿಟ್ಟ ಪ್ಯಾಚ್ ಅವನಿಗೆ ನೆನಪಾಯಿತು. ಹೊರಗೆ ಬಂದು ಮಂದಾಕಿನಿ ಮೇಡಂಗೆ ಫೋನ್ ಮಾಡಿದ.

“ನಮ್ಮ ಚಿಪ್ ನಿಂತಾಗ ಹಳೇ ಲೆಕ್ಕಾನ ಕೊಡ್ತದಪಾ,” ಎಂದರು ಮೇಡಂ. “ಹೊಸಾದನ್ನ ಕೇಳಿ ತರೂದ ಆ ಪ್ಯಾಚಿನ ಕೆಲಸ. ಯಾಕ, ಈಗ ಅದು ಇಲ್ಲೇನು?”

ಅದನ್ನು ಹೊಸ ಆವೃತ್ತಿಗೆ ಹೊಂದಿಸುವುದು ಹೇಗೆಂದು ಅವನು ಕೇಳಿಕೊಂಡ.

ಅವರು ಹೇಳಿಕೊಟ್ಟಂತೆ ಎರಡೇ ದಿನದಲ್ಲಿ ಪ್ಯಾಚ್ ಸಿದ್ಧವಾಯಿತು. ಸದ್ದಿಲ್ಲದೆ ಸೇರಿಸಿದ್ದರೆ ಕಂಪನಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೇ ಮಾಡೋಣವೆಂದು ಕೂತಿದ್ದ. ಅಷ್ಟರಲ್ಲಿ ಶಿವಲೀಲಾ ಗುಡಗೇರಿ ಸರ್‌ಗೆ ಹೇಳುತ್ತಿದ್ದುದು ಕೇಳಿಸಿತು: “ನನ್ನನ್ನ ಈ ಕೆಲಸದಿಂದ ತಗೀರಿ ಸರ್. ನನ್ನ ಕೈಲಿ ಆಗೂದಿಲ್ಲ.”

ಪ್ರಾಣೇಶ ಎದ್ದು ನಿಂತ. ಎಲ್ಲರೆದುರು ಪ್ಯಾಚ್ ಬಿಟ್ಟದ್ದು, ಪರೀಕ್ಷೆ ಅಳಿಸಿದ್ದು, ಸುಳ್ಳು ಹೇಳಿದ್ದು ಎಲ್ಲವನ್ನೂ ಹೇಳಿದ. ಮೊನ್ನೆ ತಾನೂ ನಕ್ಕದ್ದನ್ನೂ ಬಿಡಲಿಲ್ಲ.

ಪ್ಯಾಚ್ ಹಾಕಿದ ಮಧ್ಯಾಹ್ನವೇ ಶಿವಲೀಲಾ ಪಂಪಿನ ದೋಷ ಹಿಡಿದಳು. ಗುಡಗೇರಿ ಸರ್ ಅವಳಲ್ಲಿ ಕ್ಷಮೆ ಕೇಳಿದರು. ಪ್ರಾಣೇಶನೂ ಕೈಮುಗಿದ.

ಅವಳು ಕೋಪ ಮಾಡಲಿಲ್ಲ. ಮೆಲ್ಲಗೆ ಕೇಳಿದಳು: “ಡಿಬಗ್ಗರಿಗೆ ಎರಡ ದಿನದಾಗ ಪ್ಯಾಚ್ ಹಾಕಿದ್ರಿ. ಮೂರು ವಾರ ನನ್ನ ಕಣ್ಣ ನಾನ ನಂಬಲಿಲ್ಲಲ್ಲ ಪ್ರಾಣೇಶ್ ಸರ್, ಅದಕ್ಕ ಏನ್ ಹಾಕ್ತೀರಿ?”



ನೀತಿ: ತಿಳಿಯದ್ದನ್ನು ತಿಳಿಯದು ಎಂದು ಹೇಳಿದರೆ ಆಗುವ ನಾಚಿಕೆ ಚಿಕ್ಕದು. ಅದನ್ನು ಮುಚ್ಚಿಟ್ಟರೆ ಆ ನಾಚಿಕೆಯನ್ನು ಮೊದಲು ಅನುಭವಿಸುವವರು ತಪ್ಪೇ ಮಾಡದ ಇನ್ನೊಬ್ಬರು.