ನಕ್ಷೆಗಾರ ಒಪ್ಪಿಕೊಂಡ ಹಲಗೆ

“ಸರ್, ಈ ಕಂಪ್ಯೂಟರಿಗೆ ಇಷ್ಟೊಂದು ಹಟ ಯಾಕೆ?” ಎಂದು ಮಹಾನಂದಾ ತನ್ನ ಗುರು ಕಲ್ಲಿನಾಥರನ್ನು ಕೇಳಿದಳು.

ಅವಳಿಗೆ ತಲೆ ಕೆಟ್ಟುಹೋಗಿತ್ತು. ನಾಲ್ಕು ವರ್ಷ ಜೋಳ ಬೆಳೆಸಿ, ಪೈರಿನ ಸುಳಿ ಕೊರೆಯುವ ಸುಳಿನೊಣವನ್ನು ತಡೆಯುವ ಗುಣ ಯಾವ ವರ್ಣತಂತುವಿನ ಯಾವ ಜಾಗದಲ್ಲಿದೆ ಎಂದು ಅಳೆದಿದ್ದಳು. ಆ ಅಳತೆಗಳನ್ನು ಗ್ರಾಫ್ ಮಾಡಿಕೊಡಬೇಕಾದ ತಂತ್ರಾಂಶ ಅವಳ ಫೈಲನ್ನು ಏಳು ಸಲ ತಿರಸ್ಕರಿಸಿತ್ತು. ಒಮ್ಮೆ ವರ್ಣತಂತುವಿನ ಹೆಸರು ಸರಿಯಿಲ್ಲ, ಒಮ್ಮೆ ನಡುವೆ ಖಾಲಿ ಸಾಲು, ಮತ್ತೊಮ್ಮೆ ಸ್ಥಾನಗಳು ಏರಿಕೆಯ ಕ್ರಮದಲ್ಲಿಲ್ಲ.

“ಕೊನೆಗೆ ರೋಸಿಹೋಗಿ ಸ್ಥಾನದ ಕಾಲಂ ಒಂದನ್ನೇ ಏರಿಕೆಯ ಕ್ರಮಕ್ಕೆ ಜೋಡಿಸಿಬಿಟ್ಟೆ. ತಕ್ಷಣ ಗ್ರಾಫ್ ಬಂತು. ಇಷ್ಟಕ್ಕೆ ನನ್ನ ಪ್ರಾಣ ಹಿಂಡಬೇಕಿತ್ತಾ? ನಾಳೆ ಅದನ್ನು ನೋಡಿಕೊಂಡು ಆ ಗುಣವಿಲ್ಲದ ಗಿಡಗಳನ್ನೆಲ್ಲ ಕೀಳಿಸುತ್ತೇನೆ.”

ಕಲ್ಲಿನಾಥರು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಂದು ಊರಿನ ಕಾಲುವೆ ಎಲ್ಲೋ ಸೋರುತ್ತಿತ್ತು. ಕೆರೆಯಲ್ಲಿದ್ದದ್ದು ಒಂದು ಬೆಳೆಗಾಗುವಷ್ಟು ನೀರು. ಕಾಲುವೆಯ ಉದ್ದಕ್ಕೂ ನಲವತ್ತು ಕಲ್ಲು ನೆಟ್ಟಿದ್ದರು. ಯಾವ ಕಲ್ಲಿನ ಬಳಿ ಎಷ್ಟು ನೀರು ಕಡಿಮೆಯಾಗುತ್ತದೆ ಎಂದು ಅಳೆಯುವ ಕೆಲಸ, ಹೊಲಗಳಿಗೆ ನೀರು ಹಂಚುವ ನೀರುಗಂಟಿಯ ಪಾಲಿಗೆ ಬಂತು. ಅವನು ಯಾರ ಹೊಲಕ್ಕೆ ನೀರು ಬಿಡಲು ಹೋದನೋ ಅಲ್ಲಿಯ ಕಲ್ಲನ್ನು ಅಳೆದ. ಮೊದಲು ಇಪ್ಪತ್ತೆರಡನೆಯದು, ಆಮೇಲೆ ಏಳನೆಯದು, ಆಮೇಲೆ ಮೂವತ್ತನೆಯದು, ಹೀಗೆ ನಲವತ್ತನ್ನೂ. ಹಲಗೆಯ ಎಡಕ್ಕೆ ಕಲ್ಲಿನ ಸಂಖ್ಯೆ, ಬಲಕ್ಕೆ ಅಳತೆ, ಬಳಪದಲ್ಲಿ ಬರೆದುಕೊಂಡ.

ಆ ಅಳತೆಗಳನ್ನು ನೋಡಿ ಗೆರೆ ಎಳೆದುಕೊಡಬೇಕಾದ ನಕ್ಷೆಗಾರನೊಬ್ಬನಿದ್ದ; ಅವನು ಹಲಗೆಯನ್ನು ಹಿಂದಕ್ಕೆ ಕಳಿಸಿದ. ಗೀಟು ಸೊಟ್ಟಗಿದೆ ಎಂದ. ಅದನ್ನು ತಿದ್ದಿದರೆ, ಅಳತೆ ಬೆರಳಿನಲ್ಲೋ ಗೇಣಿನಲ್ಲೋ ಬರೆದಿಲ್ಲ ಎಂದ. ಅದನ್ನೂ ಬರೆದರೆ, ಕಲ್ಲುಗಳು ಒಂದರಿಂದ ನಲವತ್ತರವರೆಗೆ ಕ್ರಮವಾಗಿರಲಿ ಎಂದ.

ನೀರುಗಂಟಿಗೆ ಮೈಯೆಲ್ಲ ಉರಿಯಿತು. “ಮೂವತ್ತು ವರ್ಷ ಈ ಕಾಲುವೆ ಕಾದವನು ನಾನು. ಇವನು ನನಗೆ ಒಂದು ಎರಡು ಕಲಿಸಲು ಬಂದ” ಎಂದು ಗೊಣಗುತ್ತ ಎಡಗಡೆಯನ್ನಷ್ಟೇ ಒರೆಸಿ, ಒಂದರಿಂದ ನಲವತ್ತರವರೆಗೆ ಸಾಲಾಗಿ ಬರೆದು ಕೊಟ್ಟ. ಬಲಗಡೆಯನ್ನು ಮುಟ್ಟುವ ಗೋಜಿಗೇ ಹೋಗಲಿಲ್ಲ. ನಕ್ಷೆಗಾರ ಮರುಮಾತಿಲ್ಲದೆ ಗೆರೆ ಎಳೆದ. ಗೆರೆ ಹನ್ನೊಂದನೆಯ ಕಲ್ಲಿನ ಬಳಿ ಎದ್ದು ನಿಂತಿತು.

ಸೋರುವುದು ಅಲ್ಲೇ ಎಂದು ಊರಿನವರು ಹನ್ನೊಂದನೆಯ ಕಲ್ಲಿನ ಬಳಿ ದಂಡೆ ಅಗೆದರು. ಗಟ್ಟಿಮುಟ್ಟಾಗಿದ್ದ ದಂಡೆ ಅದು. ಅಗೆದದ್ದಕ್ಕೇ ಒಡೆದು, ಕೆರೆಯ ನೀರೆಲ್ಲ ಹಳ್ಳ ಸೇರಿತು. ಆ ವರ್ಷ ಯಾರೂ ಬಿತ್ತಲಿಲ್ಲ. ನೀರುಗಂಟಿ ಮಾತ್ರ “ನಾನು ಅಳೆದದ್ದರಲ್ಲಿ ಒಂದೂ ಸುಳ್ಳಿಲ್ಲ” ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅದು ನಿಜವೂ ಆಗಿತ್ತು; ಒಂದು ಕಲ್ಲಿನ ಅಳತೆ ಇನ್ನೊಂದು ಕಲ್ಲಿನ ಎದುರು ಕೂತಿತ್ತು, ಅಷ್ಟೆ.

“ಆ ನಕ್ಷೆಗಾರನಾದರೂ ಒಂದು ಮಾತು ಹೇಳಬಾರದಿತ್ತೇ?” ಎಂದಳು ಮಹಾನಂದಾ. ಹೇಳುತ್ತಿದ್ದಂತೆ ಅವಳ ದನಿ ಇಳಿಯಿತು.

“ಏಳು ಸಲ ಯಾಕೆ ಒಪ್ಪಲಿಲ್ಲ ಎಂದು ಬಾಯಿತುಂಬ ಬೈದೆಯಲ್ಲ, ಎಂಟನೆಯ ಸಲ ಯಾಕೆ ಒಪ್ಪಿತು ಎಂದು ಕೇಳಿದೆಯೇನವ್ವ?” ಎಂದರು ಗುರುಗಳು.