ತಾನು ಮುಳುಗದ ಕಯಾಕ್

ಏಡಿ ಅಡ್ಡಡ್ಡ ನಡೆದರೂ ಅದರ ಮಾತು ನೇರ. ಈ ಕಥೆಗೆ ಅದೊಂದೇ ಸಾಕ್ಷಿ. ಹೊಳೆ ಕಡಲು ಸೇರುವ ಅಳಿವೆಯಲ್ಲಿ, ನೀರು ಇಳಿಯುವ ಹೊತ್ತಿಗೆ, ಒಬ್ಬರೇ ಕೂರುವ ಕಿರುದೋಣಿ, ಕೆಂಪು ಕಯಾಕೊಂದು, ಸುಗಂಧಿ ಎಂಬ ಹುಡುಗಿಯನ್ನು ಕೂರಿಸಿಕೊಂಡು ಹೊರಟಿತು.

ದಡದ ಮುದಿ ದೋಣಿ ಕೂಗಿತು: "ನಿಲ್ಲು ಮಗಾ! ಈಗ ಹೊಳೆ ಹೊರಗೆ ನೂಕುತ್ತದೆ, ಕಡಲು ಒಳಗೆ ನೂಕುತ್ತದೆ. ನಡುವೆ ತೆರೆ ಗೋಡೆಯಾಗಿ ನಿಲ್ಲುತ್ತದೆ. ನೀರು ಏರಲಿ, ಆಮೇಲೆ ಹೋಗು."

"ಹುಳ ಹಿಡಿದ ಮರ ಕಾಯಲಿ ಅಜ್ಜಾ! ನಾನು ಪ್ಲಾಸ್ಟಿಕ್ಕು, ಮುಳುಗುವ ಜಾತಿಯೇ ಅಲ್ಲ."

ಅಳಿವೆಯ ಬಾಯಲ್ಲಿ ತೆರೆ ಎದ್ದಿತು. ಆಕಾಶ ಮುಚ್ಚುವಷ್ಟು ಎದ್ದಿತು. ಅದರ ಹಸಿರು ಹೊಟ್ಟೆಯೊಳಗೆ ಮೀನುಗಳು ಕಯಾಕಿನ ತಲೆಗಿಂತ ಮೇಲೆ ಈಜುತ್ತಿದ್ದವು.

ತೆರೆ ಮುರಿದು ಬಿತ್ತು. ಕಯಾಕ್ ಬೆಂಡಿನಂತೆ ತೇಲಿತು, ಆದರೆ ಬೆನ್ನು ಹಗುರಾಗಿತ್ತು. "ಸುಗಂಧೀ! ಕಡಲಮ್ಮಾ, ಅವಳನ್ನು ಕೊಡು!" ಅಷ್ಟು ದೊಡ್ಡದಕ್ಕೆ ಇಷ್ಟು ಸಣ್ಣ ಕೂಗು ಕೇಳಿಸಲೇ ಇಲ್ಲ.

ಕೊನೆಗೆ ಯಾವುದೋ ತೆರೆ, ಯಾರೆಂದು ನೋಡದೆ, ಎರಡನ್ನೂ ಮರಳಿಗೆ ಎಸೆದು ಹೋಯಿತು. ಸುಗಂಧಿ ಉಪ್ಪುನೀರು ಕಾರಿ, ನಕ್ಕು, ಮತ್ತೆ ಹುಟ್ಟು ಹಿಡಿದಳು. ಕಯಾಕ್ ಮರಳಿಗೆ ಮೂತಿ ಊರಿ ಮಲಗಿತು.

"ಏಳೋ, ಹೆದರಿದೆಯಾ? ನೀನು ಮುಳುಗುವುದಿಲ್ಲವಲ್ಲ!"

"ನಾನೇನೋ ಮುಳುಗುವುದಿಲ್ಲ ಕಣಮ್ಮಾ," ಎಂದಿತು ಕಯಾಕ್, "ಅದಕ್ಕೇ ಹೆದರಿಕೆ."